ಯಾರದೂ ಅಲ್ಲದ ಬೆಳಕು

ನಾಗಸಂದ್ರದಿಂದ ರತ್ನಮ್ಮ ಫೋನ್ ಮಾಡಿದಾಗ ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ರತ್ನಮ್ಮ ಎಂದರೆ ನಮ್ಮ ಮೇಡಂ ಬಾಡಿಗೆಗಿದ್ದ ಮನೆಯ ಯಜಮಾನಿ. ಯಾವಾಗಲೂ ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಹೆಂಗಸು ಅವತ್ತು ಮೆತ್ತಗೆ ಮಾತಾಡಿದಾಗಲೇ ನನಗೆ ಅನುಮಾನವಾಯಿತು.

"ಮೇಡಂನೋರು ತೀರ್ಕಂಡ್ರು ಕಣಮ್ಮ. ಆಲಿನ ಪಾಕೀಟು ಬಾಗ್ಲಲ್ಲೇ ಬಿದ್ದಿತ್ತು. ಮ್ಯಾಲೆ ಓಗಿ ನೋಡಿದ್ರೆ ಕುರ್ಚಿ ಮ್ಯಾಲೆ ಅಂಗೇ ಕುಂತವ್ರೆ. ಫೋನ್‌ನಾಗೆ ನಿನ್ನ ಎಸ್ರು ಮೊದ್ಲು ಸಿಕ್ತು, ಅದ್ಕೇ ನಿಂಗೇ ಮಾಡ್ದೆ."

ನನ್ನ ಹೆಸರು ಮೊದಲು ಸಿಕ್ಕಿತು ಎಂದ ಕೂಡಲೇ ಕಣ್ಣು ತುಂಬಿಕೊಂಡಿತು. ಅವರಿಗೆ ನಾನು ಅಷ್ಟು ಹತ್ತಿರದವಳಾಗಿದ್ದೆನೇ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು, ನನ್ನ ಹೆಸರು ‘ಅ’ದಿಂದ ಶುರುವಾಗುತ್ತದೆ. ಅಷ್ಟೇ ಇರಬೇಕು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರ ಹೆಸರು ಅಚ್ಚಾಗುವ ಅವಕಾಶ ಒಂದೇ ಒಂದು ಸಲ ಬಂದಿತ್ತು, ಅವರೇ ಅದನ್ನು ಬೇಡವೆಂದರು. ಈಗ ನಾನು ಅಚ್ಚು ಹಾಕಿಸಿದರೆ ಎಲ್ಲಿದ್ದರೂ ಎದ್ದು ಬಂದು ಬೈಯುತ್ತಾರೆ.

ಪೀಣ್ಯದ ಒಂದು ಪರೀಕ್ಷಾ ಲ್ಯಾಬಿನಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದೆವು. ಯಾವ ವಿದ್ಯುತ್ ಯಂತ್ರವೇ ಆಗಲಿ, ಓಡುವಾಗ ಒಂದಿಷ್ಟು ರೇಡಿಯೋ ಅಲೆಗಳನ್ನು ಸುತ್ತಮುತ್ತ ಚೆಲ್ಲುತ್ತದೆ. ಹೆಚ್ಚು ಚೆಲ್ಲಿದರೆ ಪಕ್ಕದ ಯಂತ್ರಕ್ಕೆ ತೊಂದರೆ. ಎಷ್ಟು ಚೆಲ್ಲುತ್ತದೆಂದು ಅಳೆದು ಸರ್ಟಿಫಿಕೇಟ್ ಕೊಡುವುದು ನಮ್ಮ ಲ್ಯಾಬಿನ ಕಸುಬು. ಅಳೆಯುವವರು ಮೇಡಂ, ಅದನ್ನು ರಿಪೋರ್ಟಾಗಿ ಬರೆಯುವವಳು ನಾನು. ನನ್ನ ಮಟ್ಟಿಗೆ ವಿಜ್ಞಾನವೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಿ ಕೈತೊಳೆದುಕೊಂಡ ವಿಷಯ. ಹೊಟ್ಟೆಪಾಡು ಮತ್ತೆ ಅದರ ಹತ್ತಿರವೇ ತಂದು ಕೂರಿಸಿತ್ತು.

ಅಳೆಯಲು ಒಂದು ವಿಶೇಷ ಕೋಣೆಯಿತ್ತು. ಹೊರಗೆ ಕಬ್ಬಿಣದ ಗೋಡೆ, ಒಳಗೆ ನೆಲ ಬಿಟ್ಟು ಎಲ್ಲ ಕಡೆ ಸ್ಪಂಜಿನ ಮೊನೆಗಳು. ಬಾಗಿಲು ಹಾಕಿದರೆ ಹೊರಗಿನ ಒಂದು ಅಲೆಯೂ ಒಳಗೆ ಬರುವಂತಿಲ್ಲ. ಟವರು ಎದುರಿಗೇ ಇದ್ದರೂ ಮೊಬೈಲು ಸತ್ತ ಹಾಗೆ. ನಾವೆಲ್ಲ ಅದನ್ನು ಗುಹೆ ಎನ್ನುತ್ತಿದ್ದೆವು. ಮೇಡಂ ಮಧ್ಯಾಹ್ನದ ಊಟದ ಡಬ್ಬಿಯನ್ನು ಅದರೊಳಗೆ ಒಯ್ದು ಒಬ್ಬರೇ ಕೂತು ಉಣ್ಣುತ್ತಿದ್ದರು. ಕ್ಯಾಂಟೀನಿಗೆ ಯಾಕೆ ಬರುವುದಿಲ್ಲವೆಂದು ಒಮ್ಮೆ ಕೇಳಿದೆ.

"ಹೊರಗಿದ್ರೂ ನನಗೆ ಯಾರೂ ಫೋನ್ ಮಾಡಲ್ಲ ಕಣ್ರೀ. ಇಲ್ಲಿದ್ರೆ ಸಿಗ್ನಲ್ ಇಲ್ಲ, ಅದಕ್ಕೇ ಬಂದಿಲ್ಲ ಅಂತ ಅನ್ಕೋಬಹುದು," ಎಂದು ನಕ್ಕರು.

ನಾನೂ ನಕ್ಕೆ. ನಕ್ಕ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅವರ ಡಬ್ಬಿಯಿಂದ ಒಂದು ಹೋಳು ಉಪ್ಪಿನಕಾಯಿ ತೆಗೆದುಕೊಂಡು ಬಂದೆ.

ನಮ್ಮ ಪರಿಚಯ ಗಟ್ಟಿಯಾದದ್ದು ಅವರದೊಂದು ಪದ್ಧತಿಯಿಂದ. ಪರದೆಯ ಮೇಲೆ ಮೂಡುವ ಅಳತೆಯ ಗೀಟಿನಲ್ಲಿ ಏನಾದರೂ ಅನುಮಾನ ಬಂದರೆ ಅವರು ತಮ್ಮ ಕಣ್ಣನ್ನು ನಂಬುತ್ತಿರಲಿಲ್ಲ. ವಿಷಯವೇ ಗೊತ್ತಿಲ್ಲದ ಯಾರನ್ನಾದರೂ ಕರೆದು ಪರದೆಯ ಮುಂದೆ ನಿಲ್ಲಿಸುತ್ತಿದ್ದರು. ಮೊದಲ ಸಲ ನನ್ನನ್ನು ಕರೆದಾಗ, ಏನು ಕಾಣಬೇಕು ಮೇಡಂ ಎಂದು ಕೇಳಿದೆ.

"ಅದನ್ನ ಹೇಳೋ ಹಾಗಿದ್ರೆ ನಿಮ್ಮನ್ನ ಯಾಕೆ ಕರೀತಿದ್ದೆ? ಕಣ್ಣು ಬಹಳ ಸಂಭಾವಿತ ಕಣ್ರೀ. ಇಂಥದ್ದು ಬೇಕು ಅಂದ್ರೆ ಹುಡುಕಿ ತಂದ್ಕೊಡುತ್ತೆ."

ಹೀಗೆ ಎಲ್ಲರ ಕಣ್ಣೂ ಅವರಿಗೆ ಬೇಕಾಗುತ್ತಿತ್ತು. ರಾಯಚೂರಿನ ಕಡೆಯಿಂದ ಬಂದು ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದ ಬಸಣ್ಣನೂ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, "ಇಲ್ಲೊಂದು ಮುಳ್ಳು ಎದ್ದೈತಿ ನೋಡ್ರಿ ಮೇಡಮ್ಮಾರೆ," ಎಂದು ತೋರಿಸುತ್ತಿದ್ದ. ಹೆಚ್ಚಾಗಿ ನನ್ನ ಪಾಳಿಯೇ ಬರುತ್ತಿತ್ತು. ಜಂಬವಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವುದರಲ್ಲಿ ನಮ್ಮ ಮನೆತನದಲ್ಲೇ ನನ್ನನ್ನು ಮೀರಿಸಿದವರಿಲ್ಲ.

ಒಮ್ಮೆ ಸ್ಟೆಬಿಲೈಸರ್ ತಯಾರಿಸುವ ಮಾಲೀಕರೊಬ್ಬರು ಬಂದು ಕೂತರು. ಅವರ ಯಂತ್ರ ಮಿತಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಚೆಲ್ಲುತ್ತಿತ್ತು. "ಮೇಡಂ, ಇಷ್ಟೇ ಇಷ್ಟು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ, ಯಾರಿಗೆ ಗೊತ್ತಾಗುತ್ತೆ?" ಎಂದರು. ಮೇಡಂ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು, "ಸಾರ್, ನಾನು ಇಲ್ಲ ಅಂತ ಬರ್ಕೊಡ್ತೀನಿ. ಅದು ಹೋಗ್ಬಿಡುತ್ತಾ?" ಎಂದು ನಿಜಕ್ಕೂ ಉತ್ತರ ಬೇಕೆನ್ನುವ ಹಾಗೆ ಕೇಳಿದರು. ಮಾಲೀಕರು ಹಣೆ ಚಚ್ಚಿಕೊಂಡು ಯಂತ್ರ ಹೊರಿಸಿಕೊಂಡು ಹೋದರು. ಎರಡು ಗಲ್ಲಿಗಳಾಚೆ ಅವರ ಶೆಡ್ಡು. ದಾರಿಯಲ್ಲಿ ಸಿಕ್ಕಾಗಲೆಲ್ಲ ಆಮೇಲೂ ನಮಸ್ಕಾರ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ಅವರನ್ನು ಖಡಕ್ ಮೇಡಂ ಎಂದು ನೆನೆದು ಸುಮ್ಮನಾಗುತ್ತಿದ್ದೆ. ಅವರಿಗೆ ಇನ್ನೊಂದು ಬಾಳು ಇತ್ತು. ಅದು ನನಗೆ ತಿಳಿದದ್ದು ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ, ಆಗಿನ್ನೂ ಮೆಟ್ರೋ ಕಂಬಗಳನ್ನು ಎಬ್ಬಿಸುತ್ತಿದ್ದ ಕಾಲದಲ್ಲಿ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತು ಮುಂದೆ ಹೋಗಲೊಲ್ಲದು. ಮೇಡಂ ಕಿಟಕಿಯಾಚೆ ನೋಡುತ್ತ, ಪಿಎಚ್‌ಡಿಗೆ ತಾವು ರೇಡಿಯೋ ದೂರದರ್ಶಕದಿಂದ ಆಕಾಶ ನೋಡುತ್ತಿದ್ದುದನ್ನು ಹೇಳಿದರು. ರೇಡಿಯೋ ಅಲೆಯೂ ಬೆಳಕಿನ ಜಾತಿಯದೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅದಕ್ಕೆ ಅವರು ಅದನ್ನು ಬೆಳಕು ಎಂದೇ ಕರೆಯುತ್ತಿದ್ದರು.

ಕೋಟಿ ಕೋಟಿ ನಕ್ಷತ್ರ ಸೇರಿದರೆ ಒಂದು ಗೆಲಾಕ್ಸಿ. ಗೆಲಾಕ್ಸಿಗಳು ನೂರಾರು ಸೇರಿದರೆ ಒಂದು ಗೊಂಚಲು. ಅಕ್ಕಪಕ್ಕದ ಎರಡು ಗೊಂಚಲುಗಳ ನಡುವೆ ಏನೂ ಇಲ್ಲವೆಂದೇ ನಾವು ತಿಳಿದಿರುತ್ತೇವೆ. ಮೇಡಂ ಅಂಥ ಒಂದು ಜೋಡಿಯನ್ನು ನೋಡುತ್ತಿದ್ದಾಗ ನಡುವಿನ ಖಾಲಿ ಜಾಗದಲ್ಲಿ ಮಂಕಾದ, ಹರಡಿಕೊಂಡ ಒಂದು ಬೆಳಕು ಕಂಡಿತಂತೆ.

"ವೇಗವಾಗಿ ಸುತ್ತೋ ಎಲೆಕ್ಟ್ರಾನ್‌ಗಳಿಂದ ಆ ಬೆಳಕು ಬರುತ್ತೆ. ಆದ್ರೆ ಅವು ಬೇಗ ದಣೀತವೆ. ಈಗ ನೋಡಿ, ಮೆಜೆಸ್ಟಿಕ್‌ನಿಂದ ಹೊರಟೋರು, ನೆಲಮಂಗಲದಿಂದ ಹೊರಟೋರು, ಎಲ್ರೂ ಈ ಜಾಲಹಳ್ಳಿ ಕ್ರಾಸ್‌ಗೆ ಬರೋಷ್ಟರಲ್ಲಿ ಬೆಂದು ಹೋಗಿರ್ತಾರೆ. ಇಲ್ಲಿ ಯಾರಾದ್ರೂ ಲವಲವಿಕೆಯಿಂದ ಓಡಾಡ್ತಿದ್ರೆ ಏನರ್ಥ?"

"ಇಲ್ಲೇ ಎಲ್ಲೋ ಮುಖ ತೊಳ್ಕೊಂಡಿದಾರೆ ಅಂತ."

"ಹಾಂ. ಹಾಗಾದ್ರೆ ಅಲ್ಲಿ ಮಧ್ಯದಲ್ಲಿ ಅವುಗಳ ಮುಖ ತೊಳೆಸಿದ್ದು ಯಾರು? ಗೊಂಚಲುಗಳು ಒಂದನ್ನೊಂದು ಎಳ್ಕೊಳ್ಳುವಾಗ ನಡುವಿನ ಅನಿಲ ಕಲಕಿಹೋಗುತ್ತೆ, ಆ ಕಲಕಾಟಕ್ಕೇ ಹಳೇ ಎಲೆಕ್ಟ್ರಾನ್‌ಗಳು ಮತ್ತೆ ಹೊತ್ಕೋತವೆ ಅಂತ ನನ್ನ ಎಣಿಕೆ. ಅಂದ್ರೆ ಆ ಬೆಳಕು ಈ ಗೊಂಚಲಿಂದೂ ಅಲ್ಲ, ಆ ಗೊಂಚಲಿಂದೂ ಅಲ್ಲ. ನಡುವಿನದೇ."

ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ, ಇದು ಬರೀ ಗದ್ದಲವಲ್ಲ, ಅಂದರೆ ಉಪಕರಣದ್ದೇ ಏರುಪೇರಲ್ಲ ಎನ್ನುವುದಕ್ಕೆ ಏನು ಆಧಾರ ಎಂದು ಪರೀಕ್ಷಕರು ಕೇಳಿದರಂತೆ. ಆ ಕಾಲದ ಅಳತೆ ಅಷ್ಟು ಸೂಕ್ಷ್ಮವಾಗಿರಲಿಲ್ಲ. ಆಧಾರವಿರಲಿಲ್ಲ. ಅವರು ಕೇಳಿದ್ದು ಸರಿಯಾಗೇ ಇತ್ತು ಎಂದರು ಮೇಡಂ. ಆ ಬೆಳಕಿನ ಚಿತ್ರ ಅವರ ಪ್ರಬಂಧದ ಕೊನೆಯಲ್ಲಿ ಹಾಗೇ ಉಳಿಯಿತು. ಅಷ್ಟರಲ್ಲಿ ಅವರ ತಾಯಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ಬೆಂಗಳೂರಿಗೆ ಬಂದರು, ಪೀಣ್ಯದಲ್ಲಿ ಕೆಲಸ ಹಿಡಿದರು. ತಾಯಿ ಹೋದ ಮೇಲೆ ಕೆಲಸ ಉಳಿಯಿತು. ಗದ್ದಲವೆಂದು ಕರೆಸಿಕೊಂಡ ಬೆಳಕನ್ನು ಎದೆಯಲ್ಲಿಟ್ಟುಕೊಂಡು ದಿನವಿಡೀ ಕಂಡವರ ಯಂತ್ರಗಳ ಗದ್ದಲ ಅಳೆಯುವುದು ಎಂಥ ಹಣೆಬರಹ ಎಂದು ನನಗೆ ಬಹಳ ಸಲ ಅನ್ನಿಸಿದೆ. ಅವರು ಹಾಗೆ ಹೇಳಿಕೊಂಡದ್ದಿಲ್ಲ.

ಭಾನುವಾರ ಮಾತ್ರ ಅವರು ಆಕಾಶದವರು. ನಾಗಸಂದ್ರದ ಆ ಮಹಡಿ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತರೆ ಕೂತರು. ರತ್ನಮ್ಮನಿಗೆ ಅದು ಬಗೆಹರಿಯದ ಚಿಂತೆ. ಒಂದು ಕಾಲದಲ್ಲಿ ರಾಗಿ ಹೊಲವಿದ್ದ ಜಾಗದಲ್ಲಿ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದ ಆಕೆ ಬಾಡಿಗೆದಾರರನ್ನೆಲ್ಲ ಹೊಲದ ಬೆಳೆಯ ಹಾಗೆ ದಿನಾ ಒಮ್ಮೆ ನೋಡಿ ಬರುತ್ತಿದ್ದಳು.

"ಒಬ್ರೇ ಕುಂತ್ಕಂಡು ಅದೇನ್ ನೋಡ್ತೀರ ಮೇಡಂನೋರೆ?" ಎಂದು ನನ್ನೆದುರಿಗೇ ಕೇಳಿದಳು.

"ಎರಡು ಊರಿನ ಮಧ್ಯೆ ಯಾರಿದಾರೆ ಅಂತ ನೋಡ್ತಿದೀನಿ ರತ್ನಮ್ಮ."

"ಅಯ್ಯೋ, ಅದ್ನೇನ್ ನೋಡಾದು? ಎಲ್ಡು ಊರ್ ಮಧ್ಯ ಇನ್ಯಾರಿರ್ತಾರೆ, ಮುನೇಸ್ವರ ಇರ್ತಾನೆ. ಅವನ್ಗೂ ಒಬ್ನೇ ಬ್ಯಾಸ್ರ ಅಂತ ವರ್ಸಕ್ಕೊಂದ್ ಕಿತ ನಾವೇ ಓಗಿ ಮಾತಾಡ್ಸ್ಕಂಡ್ ಬರ್ತೀವಿ. ನಿಮ್ಗೆ ಅದೂ ಇಲ್ಲ."

ಮೇಡಂ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ರತ್ನಮ್ಮ ಇಳಿದು ಹೋದ ಮೇಲೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಮೆಟ್ರೋ ಓಡಾಡಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಮೇಡಂ ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿದರು. ಏನು ವಿಶೇಷವೆಂದರೆ, "ಗದ್ದಲ ಅಲ್ವಂತೆ," ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಬಸಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಮ್ಮಾರ ಮದುವಿ ಫಿಕ್ಸ್ ಆತೇನ್ರಿ ಅಕ್ಕಾರೆ?" ಎಂದು ಕೇಳಿದ. ಅವನ ತಪ್ಪಿಲ್ಲ, ಮುಖ ಹಾಗೇ ಇತ್ತು.

ವಿದೇಶದಲ್ಲಿದ್ದ ಒಬ್ಬ ಯುವ ಸಂಶೋಧಕನಿಂದ ಮೇಲ್ ಬಂದಿತ್ತು. ಗೊಂಚಲುಗಳ ನಡುವಿನ ಇಂಥ ಬೆಳಕುಗಳ ಬಗ್ಗೆ ಅವನ ತಂಡ ಪ್ರಬಂಧ ಬರೆಯುತ್ತಿತ್ತು. ಮೇಡಂ ತಮ್ಮ ಹಳೆಯ ಪ್ರಬಂಧದಲ್ಲಿ ತೋರಿಸಿದ್ದ ಮಂಕು ಬೆಳಕು ಹೊಸ ದೂರದರ್ಶಕಗಳ ಅಳತೆಯಲ್ಲೂ ಅದೇ ಜಾಗದಲ್ಲಿ ಇತ್ತು. ಅಂದರೆ ಅದು ನಿಜ. ಮೊದಲು ಕಂಡವರೆಂದು ಮೇಡಂ ಹೆಸರನ್ನೂ ಪ್ರಬಂಧದಲ್ಲಿ ಸೇರಿಸುತ್ತೇವೆ, ಅದು ಎಲ್ಲಿಂದ ಬಂತು ಎನ್ನುವ ಭಾಗವನ್ನು ನೀವೇ ಬರೆದುಕೊಡಿ ಎಂದು ಕೇಳಿದ್ದ. ಹೊಸ ಅಳತೆಗಳನ್ನೂ ಕಳಿಸಿದ್ದ. ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿದ್ದ ಹೆಂಗಸಿಗೆ ಇದು ಬಂದಿತ್ತು. ನಾನು ಕೈ ಹಿಡಿದುಕೊಂಡು ಕುಲುಕಿದೆ. ನನಗೆ ಏನೂ ಅರ್ಥವಾಗದಿದ್ದರೂ ಖುಷಿ ತಡೆಯಲಾಗಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಅವರು ಆ ವಿಷಯ ಎತ್ತಲಿಲ್ಲ. ಕೇಳಿದರೆ, ನಡೀತಿದೆ ಎನ್ನುವರು. ಗುಹೆಯಲ್ಲಿ ಊಟದ ಡಬ್ಬಿ ತೆರೆಯದೆ ಕೂತಿದ್ದನ್ನು ಒಂದೆರಡು ಸಲ ನೋಡಿದೆ. ಒಂದು ಶನಿವಾರ, ಹೊರಡುವಾಗ, "ನಾಳೆ ಮನೆಗೆ ಬರ್ತೀರಾ? ನಿಮ್ಮ ಕಣ್ಣು ಬೇಕಿತ್ತು," ಎಂದರು.

ಹೋದೆ. ಕೆಳಗೆ ರತ್ನಮ್ಮ ನೀರಿನ ಟ್ಯಾಂಕರಿನವನ ಜೊತೆ ಜಗಳವಾಡುತ್ತಿದ್ದಳು. ಮೇಡಂ ಕಾಫಿ ಕೊಟ್ಟು ಕಂಪ್ಯೂಟರಿನ ಮುಂದೆ ಕೂರಿಸಿದರು. ತಾವು ನನ್ನ ಹಿಂದೆ, ಗೋಡೆಗೆ ಒರಗಿ ನಿಂತರು. ಪರದೆಯ ಮೇಲೆ ಬೂದುಬಣ್ಣದ ಚಿತ್ರ, ತುಂಬ ಚುಕ್ಕೆಗಳು.

"ಏನ್ ಕಾಣುತ್ತೆ ಹೇಳಿ."

"ಈ ಕಡೆ ಒಂದು ರಾಶಿ, ಆ ಕಡೆ ಒಂದು ರಾಶಿ. ನಡುವೆ ಮೋಡದ ತರ ಏನೋ ಇದೆ." ನಾನು ತಿರುಗಿ ನೋಡಿ ನಕ್ಕೆ. ಇದೇ ತಾನೇ ಅವರ ಬೆಳಕು. ಅವರು ನಗಲಿಲ್ಲ.

"ಮತ್ತೆ?"

ಕಣ್ಣು ಕಿರಿದಾಗಿಸಿ ನೋಡಿದೆ. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಮೂಲೆಯಿಂದ ಮೂಲೆಗೆ. ಸಿಕ್ಕಿತು. ಸಿಕ್ಕಿದ್ದಕ್ಕೆ ಖುಷಿಯೂ ಆಯಿತು. "ಇಲ್ನೋಡಿ ಮೇಡಂ, ಈ ಮೋಡದಿಂದ ಸಣ್ಣದೊಂದು ಎಳೆ ಹೊರಟಿದೆ. ಹೀಗೆ ಬಂದು, ಈ ಚುಕ್ಕೆಗೆ ಸೇರ್ಕೊಳುತ್ತೆ. ಬಾಲ ಇದ್ದಂಗೆ."

ಅವರು ಇನ್ನೊಂದು ಸಲ ನೋಡಿ ಎಂದರು. ನಾನು ಬೆರಳಿನಿಂದ ಎಳೆಯ ಉದ್ದಕ್ಕೂ ಗೀರಿ ತೋರಿಸಿದೆ. ಅವರು ಮಂಚದ ಅಂಚಿನಲ್ಲಿ ಕೂತರು.

"ನನಗೂ ಕೆಲವು ವಾರದಿಂದ ಕಾಣ್ತಿದೆ. ವಯಸ್ಸಾಯ್ತಲ್ಲ, ಕಣ್ಣು ಮಂಜಾಗಿದೆ ಅಂತ ಅನ್ಕೊಂಡಿದ್ದೆ," ಎಂದರು. "ಹಾಗೇ ಆಗಿರಲಿ ಅಂತಾನೂ ಅನ್ಕೊಂಡಿದ್ದೆ."

ಆಮೇಲೆ ವಿವರಿಸಿದರು. ಇಂಥ ಮಂಕು ಬೆಳಕನ್ನು ನೋಡಬೇಕಾದರೆ ಚಿತ್ರದಲ್ಲಿರುವ ಚುಕ್ಕೆಗಳನ್ನು, ಅಂದರೆ ಗೊತ್ತಿರುವ ಗೆಲಾಕ್ಸಿಗಳನ್ನು, ಒಂದೊಂದಾಗಿ ಅಳೆದು ಕಳೆಯುತ್ತಾರೆ. ಎಲ್ಲ ಕಳೆದ ಮೇಲೆ ಉಳಿಯುವುದೇ ನಡುವಿನದು. ಆ ಕೆಲಸದವರೆಲ್ಲ ಮಾಡುವುದು ಹೀಗೇ. ಮೇಡಂ ಅಂದು ಮಾಡಿದ್ದೂ ಹೀಗೇ, ಆ ಯುವಕ ಈಗ ಮಾಡಿದ್ದೂ ಹೀಗೇ. ಕಳೆದ ಚುಕ್ಕೆಗಳಲ್ಲಿ ಎಳೆ ಸೇರುವ ಈ ಚುಕ್ಕೆಯೂ ಒಂದು, ಅದರ ಜೊತೆಗೇ ಎಳೆಯೂ ಅಳಿಸಿಹೋಗಿತ್ತು. ಮೇಡಂ ಈ ಸಲ ಏನನ್ನೂ ಕಳೆಯದೆ, ಹೊಸ ಅಳತೆಯಲ್ಲಿ ಚಿತ್ರ ಮಾಡಿ ನೋಡಿದ್ದರು. ಎಳೆ ಕಂಡಿತ್ತು. ಆ ಒಂಟಿ ಗೆಲಾಕ್ಸಿ ಹಿಂದೆಂದೋ ಉಗುಳಿ ಬಿಟ್ಟುಹೋದದ್ದೇ ಈ ಮೋಡ. ಅದು ಎಷ್ಟು ದೂರದಲ್ಲಿದೆ ಎಂದು ಹುಡುಕಿದರೆ, ಎರಡು ಗೊಂಚಲುಗಳಿಗಿಂತ ಎಷ್ಟೋ ಈಚೆಗೆ, ನಮ್ಮ ಕಡೆಗೆ ಇತ್ತು.

"ಹಾಗಂದ್ರೆ?"

ಅವರು ಕಿಟಕಿಯತ್ತ ಕೈ ತೋರಿಸಿದರು. "ಅಲ್ಲಿ ದೂರದಲ್ಲಿ ಎರಡು ಅಪಾರ್ಟ್‌ಮೆಂಟ್ ಇದೆಯಲ್ಲ, ಅದರ ಮಧ್ಯೆ ಏನೋ ಕೆಂಪಗೆ ಹಾರಾಡ್ತಿದೆ."

"ಅದು ರತ್ನಮ್ಮನ ಸೀರೆ. ನಿಮ್ಮ ಬಾಲ್ಕನಿ ತಂತಿ ಮೇಲಿದೆ."

"ಅದೇ. ನಾನು ಅಪಾರ್ಟ್‌ಮೆಂಟ್‌ಗಳ ಮಧ್ಯದ್ದು ಅಂದ್ಕೊಂಡಿದ್ದೆ. ಯಾರ ಸೀರೆ ಅಂತ ಗೊತ್ತೇ ಆಗದ ಹಾಗೆ ತಂತಿನೂ ಮನೇನೂ ನಾನೇ ಕೈಯಾರೆ ಅಳಿಸಿ ಹಾಕಿದ್ದೆ."

ಬೆರಳಿಟ್ಟು ತೋರಿಸಿದ್ದು ನಾನೇ. ನಾನು ತೋರಿಸದಿದ್ದರೂ ಅದು ಅಲ್ಲೇ ಇರುತ್ತಿತ್ತು ಎನ್ನುವ ಬುದ್ಧಿ ಆ ಹೊತ್ತಿಗೆ ಬರಲಿಲ್ಲ. "ಅವರು ಯಾರೂ ನೋಡಿಲ್ವಲ್ಲ ಮೇಡಂ. ಅಷ್ಟು ಸಣ್ಣ ಎಳೆ. ಇಷ್ಟು ವರ್ಷ ಆದ್ಮೇಲೆ ಹೆಸರು ಬರೋ ಹೊತ್ತು. ಬಿಟ್ಬಿಡಿ," ಎಂದೆ.

"ನೀವೂ ಸ್ಟೆಬಿಲೈಸರ್‌ನೋರ ತರ ಮಾತಾಡ್ತೀರಲ್ರೀ," ಎಂದರು. ಬೇಸರವಿಲ್ಲದೆ, ಪ್ರೀತಿಯಿಂದಲೇ.

ನಾನಿರುವಾಗಲೇ ಆ ಯುವಕನಿಗೆ ಮೇಲ್ ಬರೆದರು. ಇದು ನಡುವಿನ ಬೆಳಕಲ್ಲ, ನನ್ನ ಜೋಡಿಯನ್ನು ಪ್ರಬಂಧದಿಂದ ತೆಗೆಯಿರಿ, ಬೇರೆ ಜೋಡಿಗಳಲ್ಲೂ ಏನನ್ನೂ ಕಳೆಯುವ ಮೊದಲು ಒಮ್ಮೆ ನೋಡಿ. ಇಷ್ಟೇ ಇಂಗ್ಲಿಷಿನಲ್ಲಿ. ಎಳೆಯ ಚಿತ್ರವನ್ನೂ ಜೊತೆಗಿಟ್ಟರು. ಮುಂದೆ ಆ ಪ್ರಬಂಧ ಬಂದಾಗ ಅವರದೇ ಮಾತನ್ನು ಪಾಲಿಸಿ ಬೇರೆ ಜೋಡಿಗಳನ್ನೆಲ್ಲ ಮತ್ತೆ ಪರೀಕ್ಷಿಸಿದ್ದರಂತೆ. ಕೆಲವು ನಿಜಕ್ಕೂ ನಡುವಿನವೇ ಎಂದು ಗಟ್ಟಿಯಾಯಿತಂತೆ. ಅಂದರೆ ಮೇಡಂ ಹೇಳಿದ್ದ ಕಲಕಾಟದ ಎಣಿಕೆ ಪೂರ್ತಿ ಸುಳ್ಳಾಗಲಿಲ್ಲ. ಅವರ ಬೆಳಕು ಮಾತ್ರ ಆ ಪೈಕಿ ಇರಲಿಲ್ಲ. ಧನ್ಯವಾದ ಹೇಳುವ ಕಡೆ ಹೆಸರು ಹಾಕುತ್ತೇವೆಂದು ಅವನು ಕೇಳಿಕೊಂಡನಂತೆ, ಇವರು ಬೇಡವೆಂದರು. ಇದನ್ನೆಲ್ಲ ಅವರು ನನಗೆ ಹೇಳಿದ್ದು ನಿವೃತ್ತಿಯ ದಿನ, ಹಾರ ಕೈಯಲ್ಲಿ ಹಿಡಿದುಕೊಂಡು, ಆಟೋಗೆ ಕಾಯುತ್ತ ನಿಂತಾಗ. ಬಸಣ್ಣ ಗೇಟಿನಲ್ಲಿ ನಿಂತು ಅಳುತ್ತಿದ್ದ.

ಆ ಭಾನುವಾರ ಮೇಲ್ ಕಳಿಸಿದ ಮೇಲೆ ಅವರು ಅಡುಗೆಮನೆಗೆ ಹೋಗಿ ಉಪ್ಪಿಟ್ಟು ಮಾಡಿದರು. ಇಬ್ಬರೂ ನೆಲದ ಮೇಲೆ ಕೂತು ತಿಂದೆವು. ಕೆಳಗಿನ ಟ್ಯಾಂಕರ್ ಜಗಳ ಮುಗಿದು ಸದ್ದಡಗಿತ್ತು. ಅವರೇ ಮಾತಾಡಿದರು.

"ಇಷ್ಟು ವರ್ಷ ಅದು ಯಾರದೂ ಅಲ್ಲ ಅಂತ ನಾನು ಜೋಪಾನ ಮಾಡ್ಕೊಂಡು ಬಂದೆ ಕಣ್ರೀ. ಅದಕ್ಕೂ ಒಂದು ಮನೆ ಇತ್ತು. ಸಿಕ್ತಲ್ಲ, ಒಳ್ಳೇದೇ ಆಯ್ತು." ತಟ್ಟೆಯಲ್ಲಿದ್ದ ಕರಿಬೇವಿನ ಎಲೆಗಳನ್ನು ಒಂದು ಬದಿಗೆ ಸರಿಸಿದರು. "ಇನ್ನು ಭಾನುವಾರ ನಾನೇನ್ ಮಾಡ್ಲಿ?"

ಅವರು ನನ್ನನ್ನು ಎಷ್ಟೋ ಸಲ ಪ್ರಶ್ನೆ ಕೇಳಿದ್ದರು. ಪ್ರತಿ ಸಲವೂ ಕಂಡದ್ದನ್ನೇ ಹೇಳಿದ್ದೆ, ಈ ಸಲ ಬೇರೆ ಹೇಳಿದೆ.

"ನಮ್ಮನೆಗೆ ಬನ್ನಿ ಮೇಡಂ. ಊಟಕ್ಕೇ ಬನ್ನಿ."

"ಬರ್ತೀನಿ, ಖಂಡಿತ ಬರ್ತೀನಿ."

ಮುಂದಿನ ಭಾನುವಾರ ಅನ್ನಕ್ಕಿಡುವಾಗ ಮೇಡಂಗೆಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿದೆ. ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಹಾಕಿದೆ.